ಬಟ್ಟೆ, ಸರ್ಜಿಕಲ್, ಎನ್95: ವಾರ್ಡಿನಲ್ಲಿ ಯಾವ ಮಾಸ್ಕ್ ಎಷ್ಟು ಕಾಯುತ್ತದೆ?

ಕನ್ನಡಕ ಹಾಕುವ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ: ಸರ್ಜಿಕಲ್ ಮಾಸ್ಕ್ ಹಾಕಿ ಎರಡು ನಿಮಿಷ ಆಗುವುದರೊಳಗೆ ಗಾಜಿಗೆ ಮಂಜು ಕವಿಯುತ್ತದೆ. ಅದನ್ನು ಬರೀ ಕಿರಿಕಿರಿ ಎಂದುಕೊಂಡು ಒರೆಸಿ ಮುಂದೆ ಹೋಗುತ್ತೇವೆ. ಆದರೆ ಆ ಮಂಜು ಒಂದು ಮುಖ್ಯವಾದ ಸುದ್ದಿ ಹೇಳುತ್ತಿರುತ್ತದೆ. ಬಿಟ್ಟ ಉಸಿರು ಮಾಸ್ಕಿನ ಪದರಗಳನ್ನು ದಾಟಿ ಹೋಗುತ್ತಿಲ್ಲ, ಮೂಗಿನ ಎರಡು ಪಕ್ಕದ ಸಂದಿಯಿಂದ ಮೇಲಕ್ಕೆ ನುಗ್ಗುತ್ತಿದೆ. ಉಸಿರು ಎಳೆದಾಗಲೂ ಅದೇ ದಾರಿ. ಪಕ್ಕದ ಹಾಸಿಗೆಯ ರೋಗಿ ಕೆಮ್ಮಿದ ಗಾಳಿಯ ಒಂದು ಪಾಲು ಯಾವ ಪದರಕ್ಕೂ ತಾಗದೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಆಸ್ಪತ್ರೆ ಸಿಬ್ಬಂದಿಯ ಮಾಸ್ಕುಗಳನ್ನು ಹೋಲಿಸುವಾಗ ಬಹಳಷ್ಟು ಮಾತು ಬಟ್ಟೆಯ ಬಗ್ಗೆಯೇ ನಡೆಯುತ್ತದೆ: ಎಷ್ಟು ಪದರ, ಎಷ್ಟು ಶೇಕಡಾ ಸೋಸುತ್ತದೆ. ಆ ಪ್ರಶ್ನೆಯೂ ಬೇಕು. ಆದರೆ ಉಸಿರಾಟದ ಸೋಂಕಿನಿಂದ ಸಿಬ್ಬಂದಿಯನ್ನು ಕಾಯುವ ವಿಷಯದಲ್ಲಿ ಹೆಚ್ಚು ತೂಕ ಇರುವುದು ಇನ್ನೆರಡು ಪ್ರಶ್ನೆಗಳಿಗೆ. ಮಾಸ್ಕಿನ ಅಂಚು ಮುಖಕ್ಕೆ ಕೂರುತ್ತದೆಯೇ? ಪಾಳಿಯ ಎಂಟು ಗಂಟೆಯಲ್ಲಿ ಅದು ಮುಖದ ಮೇಲೆ ಇರುವುದು ಎಷ್ಟು ಹೊತ್ತು?

ಗಾಳಿಯಲ್ಲಿ ಏನಿದೆ

ಕೆಮ್ಮಿದಾಗ, ಮಾತಾಡಿದಾಗ, ಸುಮ್ಮನೆ ಉಸಿರಾಡಿದಾಗಲೂ ಬಾಯಿ ಮೂಗಿನಿಂದ ನಾನಾ ಗಾತ್ರದ ತೇವದ ಕಣಗಳು ಹೊರಬರುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನೂರು ಮೈಕ್ರಾನಿನ ಹನಿ, ಅಂದರೆ ತಲೆಗೂದಲಿಗಿಂತ ತುಸು ದಪ್ಪದ್ದು, ನಿಂತ ಎತ್ತರದಿಂದ ಕೆಲವೇ ಸೆಕೆಂಡಿನಲ್ಲಿ ನೆಲ ಸೇರುತ್ತದೆ. ಐದು ಮೈಕ್ರಾನಿನ ಕಣ ಅಲುಗಾಡದ ಗಾಳಿಯಲ್ಲಿ ಅಷ್ಟೇ ಎತ್ತರ ಇಳಿಯಲು ಸುಮಾರು ಅರ್ಧ ಗಂಟೆ ಬೇಕು. ಒಂದು ಮೈಕ್ರಾನಿನದಕ್ಕೆ ಹನ್ನೆರಡು ಗಂಟೆಯ ಹತ್ತಿರ. ಫ್ಯಾನು ತಿರುಗುವ, ಜನ ಓಡಾಡುವ ವಾರ್ಡಿನಲ್ಲಿ ಇಂಥ ಸಣ್ಣ ಕಣ ಇಳಿಯುವುದೇ ಇಲ್ಲ ಎನ್ನಬಹುದು. ಊದುಬತ್ತಿಯ ಹೊಗೆಯ ಹಾಗೆ ಕೋಣೆಯೆಲ್ಲ ಹರಡಿಕೊಳ್ಳುತ್ತದೆ.

ಬಹಳ ಕಾಲ ಪಠ್ಯಪುಸ್ತಕಗಳು ಐದು ಮೈಕ್ರಾನಿನಲ್ಲಿ ಗೆರೆ ಎಳೆದು, ಮೇಲಿನದು ಹನಿ, ಕೆಳಗಿನದು ಗಾಳಿಯಲ್ಲಿ ತೇಲುವಂಥದ್ದು ಎಂದು ವಿಂಗಡಿಸಿದ್ದವು. ಫ್ಲೂ ಹನಿಯ ಕಾಯಿಲೆ, ಆದ್ದರಿಂದ ಸರ್ಜಿಕಲ್ ಮಾಸ್ಕ್ ಸಾಕು; ಕ್ಷಯ, ದಡಾರ, ಸೀತಾಳೆ ಸಿಡುಬು ಗಾಳಿಯವು, ಅವಕ್ಕೆ ಎನ್95 ಎಂಬ ಪಾಠ ಈ ಗೆರೆಯ ಮೇಲೆ ನಿಂತಿದೆ. ಗೆರೆ ಅಷ್ಟು ಸ್ಪಷ್ಟವಾಗಿಲ್ಲ ಎಂಬುದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಮನದಟ್ಟಾಯಿತು. 2024ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆ ವಿಂಗಡಣೆಯನ್ನು ಬಿಟ್ಟು, ಎಲ್ಲ ಗಾತ್ರದವನ್ನೂ ಸೋಂಕು ಹೊತ್ತ ಉಸಿರಾಟದ ಕಣಗಳು ಎಂಬ ಒಂದೇ ಹೆಸರಿನಡಿ ತಂದಿತು. ಹತ್ತಿರದಲ್ಲಿರುವವರಿಗೆ ದೊಡ್ಡ ಹನಿಯೂ ತಗಲುತ್ತದೆ, ಸಣ್ಣ ಕಣವೂ ದಟ್ಟವಾಗಿ ಸಿಗುತ್ತದೆ. ರೋಗಿಯ ಮುಖದ ಹತ್ತಿರ ಬಾಗಿ ಕೆಲಸ ಮಾಡುವ ನರ್ಸ್‌ಗೆ ಎರಡರಿಂದಲೂ ರಕ್ಷಣೆ ಬೇಕು.

ಜರಡಿ ಎಂಬ ತಪ್ಪು ಕಲ್ಪನೆ

ಕೊರೊನಾ ವೈರಸ್ 0.1 ಮೈಕ್ರಾನ್, ಮಾಸ್ಕಿನ ರಂಧ್ರ ಅದಕ್ಕಿಂತ ದೊಡ್ಡದು, ಹಾಗಾಗಿ ಮಾಸ್ಕ್ ಪ್ರಯೋಜನವಿಲ್ಲ ಎಂಬ ವಾದ ವಾಟ್ಸಾಪಿನಲ್ಲಿ ಇವತ್ತಿಗೂ ಸುತ್ತುತ್ತದೆ. ಮಾಸ್ಕನ್ನು ಹಿಟ್ಟಿನ ಜರಡಿ ಎಂದುಕೊಂಡಾಗ ಹುಟ್ಟುವ ವಾದ ಇದು. ವೈರಸ್ ಬರಿಮೈಯಲ್ಲಿ ಹಾರಾಡುವುದಿಲ್ಲ, ಉಪ್ಪು, ಲೋಳೆ ಕೂಡಿದ ತನಗಿಂತ ದೊಡ್ಡ ಕಣದೊಳಗೆ ಬರುತ್ತದೆ. ಇನ್ನು ಸೋಸುವ ಪದರದಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡ ಸಾವಿರಾರು ನವುರಾದ ಎಳೆಗಳಿರುತ್ತವೆ. ದೊಡ್ಡ ಕಣ ಗಾಳಿಯೊಂದಿಗೆ ತಿರುವು ತೆಗೆದುಕೊಳ್ಳಲಾರದೆ ಎಳೆಗೆ ಬಡಿಯುತ್ತದೆ. ಮಧ್ಯಮ ಗಾತ್ರದ್ದು ಎಳೆಯನ್ನು ಸವರಿಕೊಂಡು ಹೋಗುವಾಗ ಅಂಟಿಕೊಳ್ಳುತ್ತದೆ. ತೀರ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ಅಲೆದಾಡುತ್ತ ಯಾವುದೋ ಎಳೆಗೆ ಸಿಕ್ಕಿಬೀಳುತ್ತದೆ. ಹಾಗಾಗಿ ಹಿಡಿಯಲು ಅತಿ ಕಷ್ಟವಾದದ್ದು ಅತಿ ಸಣ್ಣ ಕಣವಲ್ಲ. ಬಡಿಯಲು ಹಗುರ, ಅಲೆದಾಡಲು ಭಾರ ಎನ್ನುವ ನಡುವಿನ ಗಾತ್ರ, ಸುಮಾರು 0.3 ಮೈಕ್ರಾನ್. ಪರೀಕ್ಷೆಗೆ ಆ ಆಸುಪಾಸಿನ ಗಾತ್ರವನ್ನೇ ಆರಿಸಿರುವುದು ಅದಕ್ಕೆ.

ನಾಲ್ಕನೆಯ ಉಪಾಯವೇ ಆಧುನಿಕ ಮಾಸ್ಕಿನ ಜೀವಾಳ. ಮೆಲ್ಟ್‌ಬ್ಲೋನ್ ಎನ್ನುವ ಪಾಲಿಪ್ರೊಪಿಲೀನ್ ಪದರಕ್ಕೆ ತಯಾರಿಕೆಯಲ್ಲೇ ಸ್ಥಿರ ವಿದ್ಯುತ್ ತುಂಬುತ್ತಾರೆ. ಬಾಚಣಿಗೆ ಕಾಗದದ ಚೂರನ್ನು ಸೆಳೆಯುವ ಹಾಗೆ ಎಳೆಗಳು ಕಣವನ್ನು ಸೆಳೆದುಕೊಳ್ಳುತ್ತವೆ. ಎಳೆಗಳನ್ನು ಒತ್ತೊತ್ತಾಗಿ ತುಂಬದೆಯೇ ಸೋಸುವ ಶಕ್ತಿ ಹೆಚ್ಚುವುದರಿಂದ ಉಸಿರಾಟವೂ ಸಲೀಸು. ಸೋಪು ನೀರಿನಲ್ಲಿ ತೊಳೆದರೆ, ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಸಿಂಪಡಿಸಿದರೆ ಈ ವಿದ್ಯುತ್ ಹೋಗಿಬಿಡುತ್ತದೆ. ತೊಳೆದ ಎನ್95 ನೋಡಲು ಹೊಸದರಂತೆಯೇ ಇರುತ್ತದೆ, ಉಸಿರೂ ಮೊದಲಿನಂತೆಯೇ ಆಡುತ್ತದೆ, ಕೆಲಸ ಮಾತ್ರ ಮೊದಲಿನಂತೆ ಮಾಡುವುದಿಲ್ಲ. ಕಣ್ಣಿಗೆ ಕಾಣದ ಕೆಡುಕಾದ್ದರಿಂದ ಇದು ಹೆಚ್ಚು ಅಪಾಯಕಾರಿ.

ಬಟ್ಟೆ ಮಾಸ್ಕ್

ಇದಕ್ಕೆ ಗೌರವದ ಇತಿಹಾಸವಿದೆ. 1910ರ ಕೊನೆಯಲ್ಲಿ ಮಂಚೂರಿಯಾದ ಹಾರ್ಬಿನ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿದಾಗ, ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್‌-ಟೆ ಇದು ಉಸಿರಿನಿಂದ ಹರಡುತ್ತಿದೆ ಎಂದು ಗುರುತಿಸಿ, ಗಾಜ್ ಬಟ್ಟೆಯ ನಡುವೆ ಹತ್ತಿ ಇಟ್ಟ ಮಾಸ್ಕನ್ನು ಸಿಬ್ಬಂದಿಗೆ ಕಟ್ಟಿಸಿದರು. ಆ ಮಾತನ್ನು ಒಪ್ಪದೆ ಮಾಸ್ಕಿಲ್ಲದೆ ರೋಗಿಗಳನ್ನು ನೋಡಿದ ಫ್ರೆಂಚ್ ವೈದ್ಯ ಮೆನಿ ಕೆಲವೇ ದಿನಗಳಲ್ಲಿ ಪ್ಲೇಗ್‌ನಿಂದ ತೀರಿಕೊಂಡರು. ಏನೂ ಇಲ್ಲದ ಕಡೆ ದಪ್ಪ ಬಟ್ಟೆಯೂ ದೊಡ್ಡದೇ.

ಆದರೆ ಇವತ್ತಿನ ಆಸ್ಪತ್ರೆಗೆ ಬಟ್ಟೆ ಮಾಸ್ಕ್ ಸಾಕೇ? ಇದನ್ನು ನೇರವಾಗಿ ಪರೀಕ್ಷಿಸಿದ ದೊಡ್ಡ ಪ್ರಯೋಗ ನಡೆದದ್ದು ವಿಯೆಟ್ನಾಂನ ಹನೋಯಿಯಲ್ಲಿ. 14 ಆಸ್ಪತ್ರೆಗಳ 1607 ಸಿಬ್ಬಂದಿಯನ್ನು ವಾರ್ಡಿನ ಲೆಕ್ಕದಲ್ಲಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪಾಳಿಗೆ ಎರಡರಂತೆ ಸರ್ಜಿಕಲ್ ಮಾಸ್ಕ್. ಇನ್ನೊಂದಕ್ಕೆ ಎರಡು ಪದರದ ಹತ್ತಿಯ ಐದು ಮಾಸ್ಕ್, ದಿನವೂ ಸೋಪಿನಲ್ಲಿ ತೊಳೆಯಬೇಕು. ಮೂರನೆಯದು ಎಂದಿನ ರೂಢಿಯಂತೆ. ನಾಲ್ಕು ವಾರದ ಬಳಿಕ ನೋಡಿದರೆ ಫ್ಲೂ ಮಾದರಿಯ ಕಾಯಿಲೆ ಬಟ್ಟೆ ಗುಂಪಿನಲ್ಲಿ ಸರ್ಜಿಕಲ್ ಗುಂಪಿಗಿಂತ 13 ಪಟ್ಟು. 2015ರಲ್ಲಿ ಪ್ರಕಟವಾದ ಈ ಹದಿಮೂರು ಬಹಳ ಪ್ರಸಿದ್ಧವಾಯಿತು. ಅದನ್ನು ಎಚ್ಚರದಿಂದ ಓದಬೇಕು: ಕಾಯಿಲೆ ಬಿದ್ದವರ ಸಂಖ್ಯೆ ಚಿಕ್ಕದಾಗಿದ್ದರಿಂದ ನಿಜವಾದ ಅಂತರ 1.69 ಪಟ್ಟಿನಿಂದ 100 ಪಟ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಲೆಕ್ಕ ಹೇಳುತ್ತದೆ. ಮಾಸ್ಕೇ ಹಾಕದ ಗುಂಪೂ ಅಲ್ಲಿರಲಿಲ್ಲ, ಮೂರನೆಯ ಗುಂಪಿನವರಲ್ಲೂ ಬಹಳ ಜನ ಮಾಸ್ಕ್ ಹಾಕುತ್ತಿದ್ದರು. ಹಾಗಾಗಿ ಬಟ್ಟೆ ಮಾಸ್ಕ್ ಮಾಸ್ಕಿಲ್ಲದಿರುವುದಕ್ಕಿಂತ ಕೆಟ್ಟದ್ದು ಎಂದು ಇದರಿಂದ ಹೇಳಲಾಗದು. ಆದರೆ ಪ್ರಯೋಗಾಲಯದ ಅಳತೆ ಮುಚ್ಚುಮರೆಯಿಲ್ಲದ್ದು: ಆ ಬಟ್ಟೆ ಮಾಸ್ಕಿನ ಮೂಲಕ 97 ಶೇಕಡಾ ಕಣಗಳು ಹಾದುಹೋದವು, ಅಲ್ಲಿ ಬಳಸಿದ ಸರ್ಜಿಕಲ್ ಮಾಸ್ಕಿನ ಮೂಲಕ 44 ಶೇಕಡಾ.

ಅದೇ ಪ್ರಯೋಗದ ಮಾಹಿತಿಯನ್ನು ಸಂಶೋಧಕರು 2020ರಲ್ಲಿ ಮತ್ತೆ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಬಟ್ಟೆ ಮಾಸ್ಕನ್ನು ತಾವೇ ಕೈಯಲ್ಲಿ ತೊಳೆದುಕೊಂಡವರಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ತೊಳೆಸಿದವರಿಗಿಂತ ಸೋಂಕಿನ ಅಪಾಯ ಸುಮಾರು ಎರಡು ಪಟ್ಟು. ಒದ್ದೆಯಾದ, ಸರಿಯಾಗಿ ತೊಳೆಯದ ಬಟ್ಟೆ ತಾನೇ ಸೋಂಕಿನ ಗೂಡಾಗುತ್ತದೆ ಎಂಬ ಅನುಮಾನಕ್ಕೆ ಇದು ಬಲ ಕೊಡುತ್ತದೆ. ನಮ್ಮಲ್ಲಿ ಡಿ ಗ್ರೂಪ್ ನೌಕರರಿಗೆ, ಆಶಾ ಕಾರ್ಯಕರ್ತೆಯರಿಗೆ ಹೊಲಿಸಿದ ಮಾಸ್ಕ್ ಹಂಚಿ ಕೈತೊಳೆದುಕೊಳ್ಳುವ ರೂಢಿ ಇರುವ ಕಡೆ ಇದನ್ನು ನೆನಪಿಡಬೇಕು. ಕಸ ಗುಡಿಸುವವರೂ ಕಫದ ಬಟ್ಟಲು ತೆಗೆಯುವವರೂ ಉಸಿರಾಡುವುದು ಡಾಕ್ಟರು ಉಸಿರಾಡುವ ಗಾಳಿಯನ್ನೇ. ರೋಗಿಗಳ ನಡುವೆ ಕೆಲಸ ಮಾಡುವ ಯಾರಿಗೂ ಬಟ್ಟೆ ಮಾಸ್ಕನ್ನು ರಕ್ಷಣೆ ಎಂದು ಕೊಡಬಾರದು.

ಸರ್ಜಿಕಲ್ ಮಾಸ್ಕ್

ಹೆಸರೇ ಹೇಳುವಂತೆ ಇದು ಆಪರೇಷನ್ ಥಿಯೇಟರಿಗಾಗಿ ಹುಟ್ಟಿದ್ದು. ಸರ್ಜನ್ನರ ಉಗುಳು ಗಾಯಕ್ಕೆ ಬೀಳದಿರಲಿ, ರೋಗಿಯ ರಕ್ತ ಸರ್ಜನ್ನರ ಬಾಯಿಗೆ ಚಿಮ್ಮದಿರಲಿ ಎಂಬ ಎರಡು ಉದ್ದೇಶ. ಹೊರ ಪದರ ನೀರು ಹೀರದಂಥದ್ದು, ನಡುವಿನದು ಮೆಲ್ಟ್‌ಬ್ಲೋನ್, ಒಳಗಿನದು ತೇವ ಹೀರುವ ಮೆತ್ತನೆಯದು. ಬಣ್ಣದ ಮುಖ ಹೊರಗೆ, ನೆರಿಗೆಗಳ ಬಾಯಿ ಕೆಳಮುಖವಾಗಿ. ಮೇಲ್ಮುಖವಾದರೆ ಚಿಮ್ಮಿದ ದ್ರವ ಮಡಿಕೆಯಲ್ಲಿ ನಿಲ್ಲುತ್ತದೆ.

ಪೆಟ್ಟಿಗೆಯ ಮೇಲೆ ‘98 ಶೇಕಡಾ’ ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಎನ್95 ಎಂದರೆ 95 ಶೇಕಡಾ, ಇದು 98, ಹಾಗಾದರೆ ಇದೇ ಮೇಲಲ್ಲವೇ ಎಂದು ಸ್ಟೋರ್ಸ್‌ನಲ್ಲಿ ಕೇಳುವವರಿದ್ದಾರೆ. ಎರಡೂ ಬೇರೆ ಬೇರೆ ಪರೀಕ್ಷೆ. ಸರ್ಜಿಕಲ್ ಮಾಸ್ಕಿನ ಅಂಕಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಇರುವ, ಸರಾಸರಿ 3 ಮೈಕ್ರಾನಿನ ಹನಿಗಳನ್ನು ಬಟ್ಟೆಯ ತುಂಡಿನ ಮೇಲೆ ಹಾಯಿಸಿ ಪಡೆದದ್ದು. ಎನ್95ನದು ಹಿಡಿಯಲು ಅತಿ ಕಷ್ಟವಾದ ಗಾತ್ರದ ಉಪ್ಪಿನ ಕಣಗಳನ್ನು ನಿಮಿಷಕ್ಕೆ 85 ಲೀಟರ್ ವೇಗದಲ್ಲಿ, ಅಂದರೆ ಏದುಸಿರಿನ ಕೆಲಸಕ್ಕೆ ಹೊಂದುವ ವೇಗದಲ್ಲಿ, ಇಡೀ ಮಾಸ್ಕಿನ ಮೂಲಕ ಹಾಯಿಸಿದಾಗಿನದು. ಸೇರಿನಲ್ಲಿ ಅಳೆದದ್ದನ್ನು ಮೊಳದಲ್ಲಿ ಅಳೆದದ್ದರ ಜೊತೆ ಹೋಲಿಸಿದಂತಾಯಿತು. ಸರ್ಜಿಕಲ್ ಮಾಸ್ಕಿಗೆ ಅಂಚು ಮುಖಕ್ಕೆ ಕೂರುತ್ತದೆಯೇ ಎಂಬ ಪರೀಕ್ಷೆಯೇ ಇಲ್ಲ, ಏಕೆಂದರೆ ಅದನ್ನು ಕೂರಿಸಲು ರೂಪಿಸಿಲ್ಲ.

ನಮ್ಮಲ್ಲಿ ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 16289 ಎಂಬ ಮಾನಕವಿದೆ. ದ್ರವ ಚಿಮ್ಮುವ ಕೆಲಸವಿದ್ದರೆ, ಅಂದರೆ ಹೆರಿಗೆ, ಹಲ್ಲಿನ ಕೆಲಸ, ಸಕ್ಷನ್ (ಗಂಟಲಿನ ಕಫ ಹೀರಿ ತೆಗೆಯುವುದು), ಗಾಯ ತೊಳೆಯುವುದು ಇಂಥವಕ್ಕೆ, ಚಿಮ್ಮುವ ದ್ರವವನ್ನು ತಡೆಯುವ ದರ್ಜೆಯದನ್ನೇ ಕೇಳಿ ತರಿಸಬೇಕು. ಎನ್95 ಹಾಕಿದವರೂ ಇದನ್ನು ಮರೆಯಬಾರದು: ಎಲ್ಲ ಎನ್95ಗಳೂ ದ್ರವ ತಡೆಯುವುದಿಲ್ಲ. ಆ ಗುಣವಿರುವುದಕ್ಕೆ ಸರ್ಜಿಕಲ್ ಎನ್95 ಎಂದೇ ಹೆಸರು. ಅದಿಲ್ಲವಾದರೆ ಎನ್95 ಮೇಲೆ ಮುಖದ ಶೀಲ್ಡ್ ಹಾಕಿಕೊಳ್ಳಬೇಕು. ಶೀಲ್ಡ್ ಒಂದೇ ಹಾಕಿಕೊಂಡರೆ ಚಿಮ್ಮುವುದು ತಪ್ಪುತ್ತದೆ, ಗಾಳಿ ಮಾತ್ರ ಗದ್ದದ ಕೆಳಗಿನಿಂದ ಆರಾಮವಾಗಿ ಬರುತ್ತದೆ.

ಸರ್ಜಿಕಲ್ ಮಾಸ್ಕಿನ ನಿಜವಾದ ಬಲ ಬೇರೆ ಕಡೆ ಇದೆ: ರೋಗಿಯ ಮುಖದ ಮೇಲೆ. ದಕ್ಷಿಣ ಆಫ್ರಿಕಾದಲ್ಲಿ ಔಷಧಕ್ಕೆ ಬಗ್ಗದ ಕ್ಷಯದ 17 ರೋಗಿಗಳಿದ್ದ ವಾರ್ಡಿನ ಗಾಳಿಯನ್ನು ಎರಡು ಕೋಣೆಗಳಲ್ಲಿದ್ದ ತಲಾ 90 ಗಿನಿಯಿಲಿಗಳಿಗೆ ಹಾಯಿಸಿದರು. ರೋಗಿಗಳು ಸರ್ಜಿಕಲ್ ಮಾಸ್ಕ್ ಹಾಕಿದ ದಿನದ ಗಾಳಿ ಒಂದು ಕೋಣೆಗೆ, ಹಾಕದ ದಿನದ್ದು ಇನ್ನೊಂದಕ್ಕೆ. ಹಾಕದ ದಿನದ ಗಾಳಿ ಉಸಿರಾಡಿದ 90ರಲ್ಲಿ 69 ಇಲಿಗಳಿಗೆ ಸೋಂಕು ತಗುಲಿತು; ಹಾಕಿದ ದಿನದ ಗಾಳಿಯಲ್ಲಿ 36ಕ್ಕೆ. 2012ರಲ್ಲಿ ಬಂದ ಈ ಫಲಿತಾಂಶದ ಪ್ರಕಾರ ಹರಡುವ ಅಪಾಯ 56 ಶೇಕಡಾ ಇಳಿಯಿತು. ಬಾಯಿಂದ ಹೊರಡುವಾಗ ಕಣ ಇನ್ನೂ ಒದ್ದೆ, ದೊಡ್ಡದು, ಹಿಡಿಯಲು ಸುಲಭ. ಗಾಳಿಯಲ್ಲಿ ಒಣಗಿ ಕುಗ್ಗಿದ ಮೇಲೆ ಹಿಡಿಯುವುದು ಕಷ್ಟ. ಹೊರರೋಗಿ ವಿಭಾಗದ ಬಾಗಿಲಲ್ಲೇ ಕೆಮ್ಮುವವರಿಗೆ ಒಂದು ಮಾಸ್ಕ್ ಕೊಟ್ಟು ಕಿಟಕಿಯ ಪಕ್ಕ ಕೂರಿಸುವುದು ಇಡೀ ಸಿಬ್ಬಂದಿಗೆ ಸಿಗುವ ಅಗ್ಗದ, ದೊಡ್ಡ ರಕ್ಷಣೆ.

ಸರ್ಜಿಕಲ್ ಮಾಸ್ಕ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದರ ಅಂಚನ್ನಾದರೂ ಬಿಗಿ ಮಾಡಬಹುದು. ಕಿವಿಯ ಕುಣಿಕೆ ಮಾಸ್ಕಿಗೆ ಸೇರುವ ಜಾಗದಲ್ಲಿ ಎರಡೂ ಕಡೆ ಗಂಟು ಹಾಕಿ, ಪಕ್ಕದಲ್ಲಿ ಉಬ್ಬುವ ಹೆಚ್ಚುವರಿ ಬಟ್ಟೆಯನ್ನು ಒಳಕ್ಕೆ ಮಡಚಿ ಚಪ್ಪಟೆ ಮಾಡಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಗೊಂಬೆಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಎದುರಿನವರು ಮಾಸ್ಕ್ ಹಾಕದಿದ್ದಾಗ ಹೀಗೆ ಗಂಟು ಹಾಕಿದ ಮಾಸ್ಕ್ ಒಳಬರುವ ಕಣಗಳನ್ನು 64.5 ಶೇಕಡಾ ತಗ್ಗಿಸಿತು. ಇಬ್ಬರೂ ಹಾಗೆ ಹಾಕಿದಾಗ 95.9 ಶೇಕಡಾ. ಬಟ್ಟೆ ಅದೇ, ಬದಲಾದದ್ದು ಅಂಚು.

ಎನ್95 ಮತ್ತು ಅದರ ಬಂಧುಗಳು

ಎನ್95 ಎನ್ನುವುದು ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 1995ರ ನಿಯಮದಡಿ ಕೊಡುವ ಮನ್ನಣೆ. ಎನ್ ಎಂದರೆ ಎಣ್ಣೆಯ ಕಣಗಳಿಗೆ ತಡೆದುಕೊಳ್ಳದ್ದು ಎಂದರ್ಥ. ಆಸ್ಪತ್ರೆಯಲ್ಲಿ ಅದರ ಚಿಂತೆ ಇಲ್ಲ. ಯೂರೋಪಿನ ಎಫ್‌ಎಫ್‌ಪಿ2 ಕನಿಷ್ಠ 94 ಶೇಕಡಾ, ಎಫ್‌ಎಫ್‌ಪಿ3 99 ಶೇಕಡಾ ಸೋಸಬೇಕು. ಯೂರೋಪಿನ ಮಾನಕದ ಒಂದು ಒಳ್ಳೆಯ ಗುಣವೆಂದರೆ ಜನರ ಮುಖದ ಮೇಲೆ ಹಾಕಿಸಿ ಒಟ್ಟು ಒಳಸೋರಿಕೆಯನ್ನೂ ಅಳೆಯುತ್ತಾರೆ: ಎಫ್‌ಎಫ್‌ಪಿ2ಗೆ ಸರಾಸರಿ 8 ಶೇಕಡಾ, ಎಫ್‌ಎಫ್‌ಪಿ3ಗೆ 2 ಶೇಕಡಾ ಮಿತಿ. ಭಾರತದ ಐಎಸ್ 9473 ಕೂಡ ಎಫ್‌ಎಫ್‌ಪಿ ಹೆಸರುಗಳನ್ನೇ ಬಳಸುತ್ತದೆ.

ಖರೀದಿ ಮಾಡುವವರು ನೋಡಬೇಕಾದ್ದು ಇಷ್ಟು. ನಿಯೋಶ್ ಮನ್ನಣೆಯ ಮಾಸ್ಕಿನ ಮೈಮೇಲೇ ‘ಟಿಸಿ-84ಎ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ಪಟ್ಟಿಗಳು ತಲೆಯ ಹಿಂದೆ ಹೋಗುತ್ತವೆ. ಕಿವಿಗೆ ಸಿಕ್ಕಿಸುವ ಕುಣಿಕೆ ಇದ್ದು ಎನ್95 ಎಂದು ಬರೆದಿದ್ದರೆ ಅನುಮಾನಪಡಿ. ಭಾರತದ್ದಾದರೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಚೀನಾದ ಕೆಎನ್95 ಬಹುಪಾಲು ಕಿವಿ ಕುಣಿಕೆಯದು. ಅದರ ಬಟ್ಟೆ ಒಳ್ಳೆಯದಿರಬಹುದು, ಆದರೆ ಕಿವಿಗಳ ಎಳೆತಕ್ಕೆ ಅಂಚನ್ನು ಬಿಗಿಯಾಗಿ ಒತ್ತಿಹಿಡಿಯುವ ಶಕ್ತಿ ಕಡಿಮೆ. ಉಸಿರು ಹೊರಬಿಡುವ ಕವಾಟವಿರುವ ಮಾಸ್ಕ್ ಹಾಕಿದವರಿಗೆ ರಕ್ಷಣೆ ಕೊಡುತ್ತದೆ, ಅವರ ಉಸಿರನ್ನು ಮಾತ್ರ ಸೋಸದೆ ಹೊರಬಿಡುತ್ತದೆ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ರಾಜ್ಯಗಳಿಗೆ ಇದರ ವಿರುದ್ಧ ಪತ್ರ ಬರೆದದ್ದು ಈ ಕಾರಣಕ್ಕೇ. ಆಪರೇಷನ್ ಥಿಯೇಟರಿನಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಅಂಚಿನ ಲೆಕ್ಕಕ್ಕೆ ಬರೋಣ. ಮುಖದ ಮುಂದೆ 100 ಕಣಗಳಿವೆ ಎಂದಿಟ್ಟುಕೊಳ್ಳಿ. ಬಟ್ಟೆ 95 ಶೇಕಡಾ ಸೋಸುತ್ತದೆ, ಆದರೆ ಎಳೆದ ಗಾಳಿಯ ಹತ್ತನೆಯ ಒಂದು ಪಾಲು ಸಂದಿಯಿಂದ ಬರುತ್ತದೆ. ಸಂದಿಯಿಂದ 10 ಕಣ, ಬಟ್ಟೆ ದಾಟಿದ 90ರಲ್ಲಿ 4.5, ಒಟ್ಟು 14.5 ಒಳಗೆ ಬಂತು. ಹೆಚ್ಚು ಹಣ ಕೊಟ್ಟು 99 ಶೇಕಡಾ ಸೋಸುವ ಬಟ್ಟೆ ತಂದಿರಿ, ಸಂದಿ ಹಾಗೇ ಇದೆ: 10.9. ಅದರ ಬದಲು ಅದೇ 95ರ ಬಟ್ಟೆಯಲ್ಲಿ ಸಂದಿಯನ್ನು 2 ಶೇಕಡಾಕ್ಕೆ ಇಳಿಸಿದಿರಿ: 6.9. ಇನ್ನು ಸಡಿಲವಾದ ಸರ್ಜಿಕಲ್ ಮಾಸ್ಕಿನ ಬಟ್ಟೆ 80 ಶೇಕಡಾ ಸೋಸಿ, 40 ಶೇಕಡಾ ಗಾಳಿ ಪಕ್ಕದಿಂದ ಬಂದರೆ 52 ಕಣ ಒಳಗೆ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಆದರೆ ಹಣ ಎಲ್ಲಿ ಹಾಕಬೇಕು ಎಂಬುದನ್ನು ಇವು ಸರಿಯಾಗಿಯೇ ತೋರಿಸುತ್ತವೆ.

ಫಿಟ್ ಟೆಸ್ಟ್

ಇಲ್ಲಿಯೇ ನಮ್ಮ ಆಸ್ಪತ್ರೆಗಳು ಹಿಂದೆ ಬಿದ್ದಿರುವುದು. ಅಮೆರಿಕದಲ್ಲಿ ಎನ್95 ಹಾಕುವ ಪ್ರತಿ ನೌಕರರಿಗೂ ವರ್ಷಕ್ಕೊಮ್ಮೆ ಫಿಟ್ ಟೆಸ್ಟ್, ಅಂದರೆ ಮಾಸ್ಕಿನ ಅಂಚು ಆ ಮುಖಕ್ಕೆ ಕೂರುತ್ತದೆಯೇ ಎಂಬ ಪರೀಕ್ಷೆ, ಮಾಡಿಸುವುದು ಮಾಲೀಕರ ಮೇಲಿನ ಕಾನೂನು ಹೊಣೆ. ಯಂತ್ರದಿಂದ ಮಾಡುವುದಾದರೆ ಮಾಸ್ಕಿನ ಹೊರಗಿನ ಕಣಗಳನ್ನೂ ಒಳಗಿನವನ್ನೂ ಎಣಿಸಿ ಭಾಗಿಸುತ್ತಾರೆ. ಉತ್ತರ 100 ಅಥವಾ ಹೆಚ್ಚು ಬಂದರೆ ಪಾಸು. ಯಂತ್ರ ದುಬಾರಿ. ಆದರೆ ರುಚಿಯ ಪರೀಕ್ಷೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡುವಂಥದ್ದು. ಅದಕ್ಕೆ ಬೇಕಾದ್ದು ತಲೆ ಮುಚ್ಚುವ, ಮುಂದೆ ಪಾರದರ್ಶಕ ಕಿಟಕಿ ಮತ್ತು ಒಂದು ತೂತು ಇರುವ ಹುಡ್, ದ್ರವವನ್ನು ಮಂಜಾಗಿ ಸಿಂಪಡಿಸುವ, ಕೈಯಲ್ಲಿ ಒತ್ತುವ ಎರಡು ನೆಬುಲೈಸರ್, ಸಿಹಿ ರುಚಿಯ ಸ್ಯಾಕರಿನ್ ದ್ರಾವಣ.

ದ್ರಾವಣ ಎರಡು ಬಗೆ: 100 ಮಿಲಿ ಬೆಚ್ಚಗಿನ ನೀರಿಗೆ 83 ಗ್ರಾಂ ಸೋಡಿಯಂ ಸ್ಯಾಕರಿನ್ ಹಾಕಿದ ಗಟ್ಟಿಯದು ಪರೀಕ್ಷೆಗೆ, ಅದರ 1 ಮಿಲಿಯನ್ನು 100 ಮಿಲಿ ಡಿಸ್ಟಿಲ್ಡ್ ನೀರಿಗೆ ಬೆರೆಸಿದ ತೆಳುವಾದದ್ದು ರುಚಿ ಗೊತ್ತಾಗುತ್ತದೆಯೇ ನೋಡಲು. ಪರೀಕ್ಷೆಗೆ ಮುಂಚೆ 15 ನಿಮಿಷ ತಿಂಡಿ, ಟೀ, ಎಲೆಯಡಿಕೆ ಯಾವುದೂ ಬೇಡ. ಮೊದಲು ಮಾಸ್ಕಿಲ್ಲದೆ ಹುಡ್ ಹಾಕಿ, ನಾಲಿಗೆಯನ್ನು ಸ್ವಲ್ಪ ಹೊರಚಾಚಿ ಬಾಯಿಯಲ್ಲಿ ಉಸಿರಾಡುತ್ತಿರುವಾಗ ತೆಳು ದ್ರಾವಣವನ್ನು 10 ಸಲ ಒತ್ತಿ. ಸಿಹಿ ಗೊತ್ತಾದರೆ 10 ಎಂದು ಬರೆದುಕೊಳ್ಳಿ. ಇಲ್ಲವಾದರೆ ಇನ್ನೂ 10, ಮತ್ತೂ 10. 30ಕ್ಕೂ ಗೊತ್ತಾಗದವರಿಗೆ ಕಹಿ ದ್ರಾವಣದ ಪರೀಕ್ಷೆ ಮಾಡಬೇಕು. ಆಮೇಲೆ ಬಾಯಿ ಮುಕ್ಕಳಿಸಿ, ಎನ್95 ಹಾಕಿ ಐದು ನಿಮಿಷ ಬಿಟ್ಟು, ಮತ್ತೆ ಹುಡ್ ಹಾಕಿ ಗಟ್ಟಿ ದ್ರಾವಣವನ್ನು ಅಷ್ಟೇ ಸಲ ಒತ್ತಿ. ಅಲ್ಲಿಂದ 30 ಸೆಕೆಂಡಿಗೊಮ್ಮೆ ಅದರ ಅರ್ಧದಷ್ಟು ಒತ್ತುತ್ತಿರಿ. ಈ ನಡುವೆ ಒಂದೊಂದು ನಿಮಿಷ ಸಾಮಾನ್ಯ ಉಸಿರು, ಆಳ ಉಸಿರು, ತಲೆ ಎಡಬಲ, ತಲೆ ಮೇಲೆ ಕೆಳಗೆ, ಗಟ್ಟಿಯಾಗಿ ಓದುವುದು, ಸೊಂಟ ಬಗ್ಗಿಸುವುದು, ಮತ್ತೆ ಸಾಮಾನ್ಯ ಉಸಿರು. ಎಲ್ಲಿಯಾದರೂ ಸಿಹಿ ಬಂದರೆ ಆ ಮಾಸ್ಕ್ ಆ ಮುಖಕ್ಕೆ ಆಗಿಬರುವುದಿಲ್ಲ. ಬೇರೆ ಅಳತೆ ಅಥವಾ ಬೇರೆ ಕಂಪನಿಯದನ್ನು ಹಾಕಿ ನೋಡಬೇಕು. ಒಂದೇ ಅಳತೆಯ ಒಂದೇ ಮಾಡೆಲ್ಲನ್ನು ಸಾವಿರಗಟ್ಟಲೆ ತರಿಸಿದರೆ ಚಿಕ್ಕ ಮುಖದವರು, ಅಂದರೆ ನರ್ಸ್‌ಗಳಲ್ಲಿ ಬಹಳ ಮಂದಿ, ಮೊದಲ ದಿನದಿಂದಲೇ ರಕ್ಷಣೆಯ ಹೊರಗೆ ಉಳಿಯುತ್ತಾರೆ. ಟೆಂಡರಿನಲ್ಲಿ ಕನಿಷ್ಠ ಎರಡು ಅಳತೆ, ಎರಡು ಆಕಾರ ಕೇಳಬೇಕು: ಬಟ್ಟಲಿನಂಥದ್ದೊಂದು, ಮಡಚುವಂಥದ್ದೊಂದು.

ಗಡ್ಡ ಇದ್ದರೆ ಪರೀಕ್ಷೆ ಮಾಡುವಂತೆಯೇ ಇಲ್ಲ. ಒಂದು ದಿನದ ಕುರುಚಲು ಕೂಡ ಅಂಚನ್ನು ಎತ್ತಿಹಿಡಿಯುತ್ತದೆ. ಅಂಚಿನ ಹೊರಗೇ ನಿಲ್ಲುವ ಮೀಸೆಗೆ ತೊಂದರೆಯಿಲ್ಲ. ಧರ್ಮದ ಕಾರಣಕ್ಕೆ ಗಡ್ಡ ತೆಗೆಯದವರಿಗೆ ಸಡಿಲ ಹುಡ್ ಇರುವ, ಬ್ಯಾಟರಿಯ ಫ್ಯಾನಿನಿಂದ ಸೋಸಿದ ಗಾಳಿ ಊದುವ ಪಿಎಪಿಆರ್ ಎಂಬ ಸಾಧನ ಸರಿಯಾದ ದಾರಿ. ಅದರ ಸದ್ದಿಗೆ ಸ್ಟೆತಸ್ಕೋಪ್ ಬಳಸುವುದು ಕಷ್ಟ, ಬ್ಯಾಟರಿಯ ನಿಗಾ ಬೇಕು. ಬ್ರಿಟನ್ನಿನ ಸಿಖ್ ವೈದ್ಯರು ಗಡ್ಡವನ್ನು ಅಗಲವಾದ ಇಲಾಸ್ಟಿಕ್ ಪಟ್ಟಿಯಿಂದ ಗದ್ದದಡಿ ನಯವಾಗಿ ಮುಚ್ಚಿ ಅದರ ಮೇಲೆ ಮಾಸ್ಕ್ ಕೂರಿಸುವ ಸಿಂಗ್ ಥಾಠಾ ಎಂಬ ವಿಧಾನವನ್ನು ಕೋವಿಡ್ ಕಾಲದಲ್ಲಿ ಬಳಕೆಗೆ ತಂದರು. ಹಾಗೆ ಮಾಡುವವರೂ ಫಿಟ್ ಟೆಸ್ಟ್‌ನಲ್ಲಿ ಪಾಸಾಗಬೇಕು.

ಫಿಟ್ ಟೆಸ್ಟ್ ವರ್ಷಕ್ಕೊಮ್ಮೆ, ಗಾಳಿ ಸೋರುತ್ತಿದೆಯೇ ಎಂದು ತಾವೇ ನೋಡಿಕೊಳ್ಳುವ ಸೀಲ್ ಚೆಕ್ ಮಾಸ್ಕ್ ಹಾಕುವ ಪ್ರತಿ ಸಲವೂ. ಕೈ ತೊಳೆದು, ಮೂಗಿನ ತಗಡು ಬೆರಳ ತುದಿಗೆ ಬರುವಂತೆ ಮಾಸ್ಕನ್ನು ಅಂಗೈಯಲ್ಲಿ ಹಿಡಿಯಿರಿ, ಪಟ್ಟಿಗಳು ಕೆಳಗೆ ತೂಗಲಿ. ಮೊದಲು ಗದ್ದ, ಆಮೇಲೆ ಮೂಗು. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಹೆಗ್ಗತ್ತಿಗೆ, ಎರಡೂ ಒಂದನ್ನೊಂದು ದಾಟಬಾರದು. ಜಡೆ, ತುರುಬಿನ ಕಾರಣಕ್ಕೆ ಎರಡೂ ಪಟ್ಟಿಯನ್ನು ಕತ್ತಿಗೇ ಹಾಕುವುದು ಸಾಮಾನ್ಯವಾಗಿ ಕಾಣುವ ತಪ್ಪು; ಆಗ ಮೂಗಿನ ಬಳಿ ಬಾಯಿಬಿಡುತ್ತದೆ. ತಗಡನ್ನು ಎರಡೂ ಕೈಯ ಎರಡೆರಡು ಬೆರಳಿನಿಂದ ನಡುವಿನಿಂದ ಪಕ್ಕಕ್ಕೆ ಒತ್ತಿ ಕೂರಿಸಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮೊನೆ ಎದ್ದು ಎರಡು ಪಕ್ಕ ಸಂದಿಯಾಗುತ್ತದೆ. ಈಗ ಎರಡು ಅಂಗೈಯಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಡಿ: ಕಣ್ಣಿನ ಕಡೆಗೋ ಕೆನ್ನೆಗೋ ಗಾಳಿ ಬಡಿಯಬಾರದು. ಉಸಿರೆಳೆದರೆ ಮಾಸ್ಕ್ ಸ್ವಲ್ಪ ಒಳಗೆ ಕುಗ್ಗಬೇಕು. ಸೀರೆಯ ಸೆರಗು, ಬುರ್ಖಾ, ಕ್ಯಾಪಿನ ಅಂಚು, ಸರ್ಜಿಕಲ್ ಮಾಸ್ಕ್ ಯಾವುದೂ ಎನ್95ನ ಅಂಚಿನ ಕೆಳಗೆ ಸಿಕ್ಕಿರಬಾರದು. ಒಳಗೊಂದು ಸರ್ಜಿಕಲ್, ಮೇಲೊಂದು ಎನ್95 ಹಾಕಿಕೊಂಡವರು ಎನ್95ನ ಗುಣವನ್ನೇ ಕಳೆದುಕೊಂಡಿರುತ್ತಾರೆ.

ತೆಗೆಯುವುದು ರೋಗಿಯ ಕೋಣೆಯಿಂದ ಹೊರಬಂದ ಮೇಲೆ, ಎಲ್ಲಕ್ಕಿಂತ ಕೊನೆಗೆ. ಮುಂಭಾಗ ಮುಟ್ಟದೆ, ತುಸು ಮುಂದೆ ಬಾಗಿ ಮೊದಲು ಕೆಳಗಿನ ಪಟ್ಟಿ, ಆಮೇಲೆ ಮೇಲಿನದು. ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿ ಕೈ ತೊಳೆಯಬೇಕು.

ಪ್ರಯೋಗಗಳು ಬೇರೆ ಹೇಳುತ್ತವಲ್ಲ?

ಹೌದು, ಇಲ್ಲಿ ಒಂದು ಒಗಟಿದೆ. ಪ್ರಯೋಗಾಲಯದಲ್ಲಿ ಎನ್95 ಸರ್ಜಿಕಲ್‌ಗಿಂತ ಎಷ್ಟೋ ಮೇಲು. ಆದರೆ ಕೆನಡಾದ ಒಂಟಾರಿಯೊದಲ್ಲಿ 446 ನರ್ಸ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫ್ಲೂ ಬಂದದ್ದು ಸರ್ಜಿಕಲ್ ಗುಂಪಿನ 23.6 ಶೇಕಡಾ, ಎನ್95 ಗುಂಪಿನ 22.9 ಶೇಕಡಾ ಮಂದಿಗೆ. ಅಮೆರಿಕದ ಹೊರರೋಗಿ ವಿಭಾಗಗಳಲ್ಲಿ ನಾಲ್ಕು ಫ್ಲೂ ಋತು ನಡೆದು 2019ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಎನ್95ಗೆ 8.2, ಸರ್ಜಿಕಲ್‌ಗೆ 7.2 ಶೇಕಡಾ. ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟ್‌ಗಳ ಸುಮಾರು ಸಾವಿರ ಸಿಬ್ಬಂದಿಯ 2022ರ ಕೋವಿಡ್ ಪ್ರಯೋಗದಲ್ಲಿ ಸರ್ಜಿಕಲ್ ಗುಂಪಿಗೆ 10.46, ಎನ್95 ಗುಂಪಿಗೆ 9.27 ಶೇಕಡಾ. ಇವನ್ನು ತೋರಿಸಿ ಎನ್95 ದುಡ್ಡು ದಂಡ ಎನ್ನುವ ಆಡಳಿತಗಾರರಿದ್ದಾರೆ.

ಆ ತೀರ್ಮಾನ ನಮಗೆ ಒಪ್ಪಿಗೆಯಿಲ್ಲ. ಅಮೆರಿಕದ ಪ್ರಯೋಗದಲ್ಲಿ ಮಾಸ್ಕ್ ಹಾಕಬೇಕಿದ್ದುದು ಕೆಮ್ಮು ಜ್ವರದ ರೋಗಿಯ ಆರು ಅಡಿಯೊಳಗೆ ಹೋದಾಗ. ತೇಲುವ ಕಣ ಆರು ಅಡಿಗೆ ನಿಲ್ಲುವುದಿಲ್ಲ. ಸಿಬ್ಬಂದಿಗೆ ಸೋಂಕು ಮನೆಯಿಂದ, ಬಸ್ಸಿನಿಂದ, ಕ್ಯಾಂಟೀನಿನಿಂದ ಬಂದದ್ದೂ ಅದೇ ಎಣಿಕೆಗೆ ಸೇರುತ್ತದೆ, ಅದು ಎರಡು ಗುಂಪಿನ ಅಂತರವನ್ನು ಅಳಿಸುತ್ತದೆ. 2022ರ ಪ್ರಯೋಗದ ಲೆಕ್ಕ ಹೇಳುವುದೂ ಎರಡೂ ಸಮ ಎಂದಲ್ಲ: ಸರ್ಜಿಕಲ್ ಹಾಕಿದವರ ಅಪಾಯ ಎನ್95 ಹಾಕಿದವರದಕ್ಕಿಂತ 23 ಶೇಕಡಾ ಕಡಿಮೆಯಿಂದ 69 ಶೇಕಡಾ ಹೆಚ್ಚಿನವರೆಗೆ ಎಲ್ಲಿಯಾದರೂ ಇರಬಹುದು ಎಂದು. ಇದಕ್ಕೆ ಎದುರಾಗಿ ಬೀಜಿಂಗ್‌ನಲ್ಲಿ 1669 ಸಿಬ್ಬಂದಿಯ ಮೇಲೆ ನಡೆದು 2013ರಲ್ಲಿ ಬಂದ ಪ್ರಯೋಗವನ್ನು ನೋಡಿ. ಅಲ್ಲಿ ಮೂರು ಗುಂಪು: ಪಾಳಿಯುದ್ದಕ್ಕೂ ಎನ್95, ಅಪಾಯದ ಕೆಲಸಕ್ಕೆ ಮಾತ್ರ ಎನ್95, ಸರ್ಜಿಕಲ್. ಉಸಿರಾಟದ ಕಾಯಿಲೆ ಕ್ರಮವಾಗಿ 7.2, 11.8 ಮತ್ತು 17 ಶೇಕಡಾ.

ಹೊತ್ತಿನ ಲೆಕ್ಕ ಮಾಡಿದರೆ ಇದರ ಒಳಗುಟ್ಟು ಕಾಣುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಒಳಬಿಡುವ ಮಾಸ್ಕನ್ನು ಎಂಟು ಗಂಟೆಯೂ ಹಾಕಿದರೆ ಸಿಗುವ ಕಣ 10 ಶೇಕಡಾ. ಅದನ್ನೇ ಕಲುಷಿತ ಗಾಳಿಯಲ್ಲಿ ಒಂದು ಗಂಟೆ ತೆಗೆದಿಟ್ಟರೆ, ಅದು ಡ್ಯೂಟಿ ರೂಮಿನ ಟೀ, ಫೋನು, ರಿಜಿಸ್ಟರ್ ಬರೆಯುವ ಹೊತ್ತು ಇರಬಹುದು, 21 ಶೇಕಡಾಕ್ಕೆ ಏರುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಬಿಡುವ ಎರಡು ಪಟ್ಟು ಉತ್ತಮ ಮಾಸ್ಕ್ ಕೊಟ್ಟು ಅದೇ ಒಂದು ಗಂಟೆ ತೆಗೆದರೂ 17 ಶೇಕಡಾ. ತೆಗೆದಿಟ್ಟ ಗಂಟೆಯೇ ಫಲವನ್ನು ನಿರ್ಧರಿಸಿಬಿಡುತ್ತದೆ. ಉಸಿರು ಕಟ್ಟುವ, ಮೂಗಿನ ಮೇಲೆ ಗಾಯ ಮಾಡುವ ಮಾಸ್ಕ್ ಕೊಟ್ಟು, ಕುಳಿತು ನೀರು ಕುಡಿಯಲು ಗಾಳಿಯಾಡುವ ಜಾಗ ಕೊಡದಿದ್ದರೆ ಅದು ಎಷ್ಟೇ ಉತ್ತಮವಾಗಿದ್ದರೂ ಕುತ್ತಿಗೆಗೆ ಇಳಿಯುತ್ತದೆ.

ಯಾವಾಗ ಯಾವುದು

ಕ್ಷಯ, ದಡಾರ, ಸೀತಾಳೆ ಸಿಡುಬಿನ ಸಂಶಯವಿದ್ದಾಗ, ಕಫ ತೆಗೆಸುವಾಗ, ಇಂಟ್ಯೂಬೇಷನ್ (ಶ್ವಾಸನಾಳಕ್ಕೆ ಕೊಳವೆ ಇಳಿಸುವುದು), ಬ್ರಾಂಕೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಶ್ವಾಸನಾಳದೊಳಗೆ ನೋಡುವುದು), ತೆರೆದ ಸಕ್ಷನ್ ಮಾಡುವಾಗ, ಕೋವಿಡ್ ವಾರ್ಡಿನಲ್ಲಿ, ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ ಕೆಮ್ಮುವವರನ್ನು ನೋಡುವಾಗ ಎನ್95. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇರುವುದರಿಂದ, ಎರಡು ವಾರ ಮೀರಿ ಕೆಮ್ಮು ಎಂದು ಬರುವ ಯಾರನ್ನೂ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕ್ಷಯ ಎಂದೇ ಎಣಿಸಿ ಮಾಸ್ಕ್ ಆರಿಸುವುದು ಸರಿ. ಉಸಿರಾಟದ ತೊಂದರೆಯಿಲ್ಲದ ರೋಗಿಗಳ ಸಾಮಾನ್ಯ ಕೆಲಸಕ್ಕೆ, ಥಿಯೇಟರಿಗೆ, ಮತ್ತು ಎಲ್ಲ ಕೆಮ್ಮುವ ರೋಗಿಗಳಿಗೆ ಸರ್ಜಿಕಲ್. ರೋಗಿಗೆ ಎನ್95 ಕೊಡಬೇಕಿಲ್ಲ. ಮೊದಲೇ ಏದುಸಿರು ಬಿಡುವವರಿಗೆ ಅದು ಹಿಂಸೆ.

ದಿನವೂ ಎನ್95 ಬೇಕಾದ ಕ್ಷಯ ವಾರ್ಡಿಗೆ, ಐಸಿಯುಗೆ ರಬ್ಬರಿನಂಥ ಅಂಚಿನ ಇಲಾಸ್ಟೊಮೆರಿಕ್ ಮಾಸ್ಕ್ ಬಗ್ಗೆ ಯೋಚಿಸಬಹುದು. ಪೇಂಟಿಂಗ್ ಕೆಲಸದವರ ಮುಖದಲ್ಲಿ ನೋಡಿರುತ್ತೀರಿ. ಅಂಚು ಮೆತ್ತಗೆ ಕಚ್ಚಿಕೊಳ್ಳುತ್ತದೆ, ಒರೆಸಿ ವರ್ಷಗಟ್ಟಲೆ ಬಳಸಬಹುದು, ಫಿಲ್ಟರ್ ಮಾತ್ರ ಬದಲಿಸಿದರಾಯಿತು. ಮಾತು ಸ್ಪಷ್ಟ ಕೇಳದಿರುವುದು, ಬಹುಪಾಲು ಮಾದರಿಗಳಲ್ಲಿ ಕವಾಟವಿರುವುದು ಇದರ ಕುಂದು.

ಎನ್95 ಕೊರತೆ ಬಿದ್ದಾಗ ಒಂದನ್ನೇ ಮತ್ತೆ ಬಳಸಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ ಸಿಡಿಸಿ ಹಾಕಿದ ಮಿತಿ ಐದು ಸಲ. ಪ್ರತಿ ಸಲ ಹಾಕಿ ತೆಗೆದಾಗ ಪಟ್ಟಿ ಸಡಿಲವಾಗುತ್ತದೆ, ತಗಡು ಆಕಾರ ಕಳೆದುಕೊಳ್ಳುತ್ತದೆ. ಬಟ್ಟೆಗಿಂತ ಮೊದಲು ಸೋಲುವುದು ಅಂಚೇ. ಇಡುವುದು ಹೆಸರು, ದಿನಾಂಕ ಬರೆದ ಕಾಗದದ ಕವರಿನಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಆರುವುದಿಲ್ಲ. ಜೇಬಿನಲ್ಲಿ ಮಡಚಿಡುವುದು, ಬೆವರಿಗೆ ಒಗೆಯುವುದು, ಬಿಸಿ ಹಬೆಯ ಆಟೋಕ್ಲೇವಿಗೆ ಹಾಕುವುದು ಯಾವುದೂ ಬೇಡ. ಒದ್ದೆಯಾದರೆ, ರಕ್ತ ಕಫ ಸಿಡಿದರೆ, ಉಸಿರಾಟ ಭಾರವಾದರೆ, ಸೀಲ್ ಚೆಕ್‌ನಲ್ಲಿ ಗಾಳಿ ಸೋರಿದರೆ ಆ ಕ್ಷಣವೇ ಬದಲಿಸಬೇಕು, ಎಷ್ಟನೆಯ ಸಲ ಎಂದು ಎಣಿಸುತ್ತ ಕೂರುವಂತಿಲ್ಲ.

ಮಾಸ್ಕ್ ಯಾವುದೇ ಇರಲಿ, ಅದು ಸೋಸಬೇಕಾದ ಕಣಗಳನ್ನೇ ಕಡಿಮೆ ಮಾಡುವುದು ಕಿಟಕಿಯ ಕೆಲಸ. ಗಾಳಿಯಿಂದ ಹರಡುವ ರೋಗಿಗಳ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಎತ್ತರದ ಚಾವಣಿ, ಎದುರುಬದುರು ದೊಡ್ಡ ಕಿಟಕಿಗಳ ಹಳೆಯ ಕಾಲದ ವಾರ್ಡುಗಳು ಗಾಳಿ ಬೀಸುವ ದಿನ ಅದನ್ನು ಸುಲಭವಾಗಿ ಮೀರುತ್ತವೆ. ಅದೇ ವಾರ್ಡನ್ನು ಅಲ್ಯೂಮಿನಿಯಂ ಪಾರ್ಟಿಷನ್ ಹಾಕಿ ಸ್ಪ್ಲಿಟ್ ಎಸಿ ಕೂರಿಸಿ ನವೀಕರಿಸಿದರೆ, ಆ ಎಸಿ ಹೊರಗಿನ ಗಾಳಿಯನ್ನು ಒಂದಿಷ್ಟೂ ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ಸುತ್ತಿಸುತ್ತದೆ. ಡಾಕ್ಟರ ಕುರ್ಚಿ ಕಿಟಕಿಯ ಕಡೆ, ರೋಗಿಯ ಸ್ಟೂಲು ಬಾಗಿಲ ಕಡೆ ಇದ್ದು, ಗಾಳಿ ಕಿಟಕಿಯಿಂದ ಬಂದು ಬಾಗಿಲಿನಿಂದ ಹೋಗುತ್ತಿದ್ದರೆ ರೋಗಿಯ ಕೆಮ್ಮು ಡಾಕ್ಟರಿಂದ ದೂರ ಸಾಗುತ್ತದೆ. ಗಾಳಿ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಒಂದು ಊದುಬತ್ತಿ ಹಚ್ಚಿ ನೋಡಿದರೆ ಸಾಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿ, ದಿಕ್ಕು ತಿರುಗಿದ್ದರೆ ಕುರ್ಚಿಯನ್ನೂ ತಿರುಗಿಸಿ.